ಗಾಳಿಗಿಂತ ಮೊದಲು ಬರಬೇಕಾದ ಸುದ್ದಿ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಕಾರ್ಯದರ್ಶಿಯವರು ಕೇಳಿದರು. ಸಂಘ ಬೆಳೆದು ಬಂದ ದಾರಿಯ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಬೇರೆ ವಿಷಯ ಬರೆಯುತ್ತೇನೆ ಎಂದೆ. “ಎಂತ ಬೇಕಾದರೂ ಬರೆಯಿರಿ ಮಾಷ್ಟ್ರೆ, ಸಂಘಕ್ಕೆ ಸ್ವಲ್ಪ ಸಂಬಂಧ ಇದ್ದರೆ ಸಾಕು” ಎಂದರು. ನಾನು ಬರೆಯಲು ಹೊರಟದ್ದು ಗಾಳಿಮಳೆಯ ಮುನ್ನೆಚ್ಚರಿಕೆಯ ಚರಿತ್ರೆ. ಇದಕ್ಕೂ ಸಂಘಕ್ಕೂ ಎಂತ ಸಂಬಂಧ ಎಂದು ಕೇಳುವವರು ನಮ್ಮ ಹಳೆಯ ಸಾಲದ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು.

ನಾನು ಆಡಳಿತ ಮಂಡಳಿಯಲ್ಲಿ ನಿರ್ದೇಶಕನಾಗಿದ್ದ ಕಾಲ. ಒಂದು ನವೆಂಬರ್ ತಿಂಗಳಲ್ಲಿ ಕಡಲಲ್ಲಿ ಗಾಳಿ ಎದ್ದಿತು. ಪೇಪರಿನಲ್ಲಿ ದೊಡ್ಡ ಹೆಸರು ಮಾಡಿದ ತೂಫಾನೇನೂ ಅಲ್ಲ. ಆದರೂ ಒಂದೇ ರಾತ್ರಿಯಲ್ಲಿ ದಡದಲ್ಲಿದ್ದ ಎರಡು ನಾಡದೋಣಿಗಳನ್ನು ನೀರು ಎಳೆದುಕೊಂಡು ಹೋಗಿ ಕಲ್ಲಿಗೆ ಬಡಿದು ಸೀಳಿಹಾಕಿತು. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ, ಗದ್ದೆಯಲ್ಲಿ ಕೊಯ್ದು ಹಾಕಿದ್ದ ಪೈರು ಎಲ್ಲ ನೆನೆದು ಹೋದವು. ಅದಾಗಿ ಮೂರನೇ ದಿನ ಏನೋ ಕೆಲಸಕ್ಕೆ ಪೇಟೆಗೆ ಹೋಗಿದ್ದೆ. ಅಲ್ಲಿನ ಒಂದು ಕಚೇರಿಯ ನೋಟೀಸು ಹಲಗೆಗೆ ಜವಾನ ಒಂದು ಕಾಗದ ಅಂಟಿಸುತ್ತಾ ಇದ್ದ. ಕಡಲಲ್ಲಿ ಬಲವಾದ ಗಾಳಿ ಬೀಸಲಿದೆ, ದೋಣಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ, ಕೊಯ್ದ ಬೆಳೆಯನ್ನು ಒಳಗೆ ಹಾಕಿ ಎಂದು ಅದರಲ್ಲಿ ಬರೆದಿತ್ತು. ತಾರೀಕು ನೋಡಿದರೆ ಗಾಳಿ ಬರುವುದಕ್ಕೆ ಎರಡು ದಿನ ಮೊದಲಿನದು. ಹೇಳಿದ್ದೆಲ್ಲ ಅಕ್ಷರಶಃ ಸರಿಯಾಗಿತ್ತು. ನಡುವೆ ಎರಡನೇ ಶನಿವಾರ ಮತ್ತು ಭಾನುವಾರ ಬಂದಿದ್ದವು, ಅಷ್ಟೇ. ಯಾವ ಕಚೇರಿ ಎಂಬುದು ಈಗ ಬೇಡ.

ಒಡೆದ ಎರಡು ದೋಣಿಗಳಲ್ಲಿ ಒಂದಕ್ಕೆ ನಮ್ಮ ಸಂಘದ ಸಾಲ ಇತ್ತು. ಕಂತು ನಿಂತಿತು. ವರ್ಷ ಕಳೆಯುವಾಗ ಆ ಮನೆಯ ಹಿರಿಯರ ಹೆಸರು ಸುಸ್ತಿದಾರರ ಪಟ್ಟಿಗೆ ಬಂತು. ಅಲ್ಲಿಯವರೆಗೆ ಒಂದು ಕಂತನ್ನೂ ತಪ್ಪಿಸಿದವರಲ್ಲ ಅವರು. ಮಂಡಳಿಯ ಪರವಾಗಿ ಮಾತಾಡಲು ನಾನೇ ಅವರ ಮನೆಗೆ ಹೋದೆ. ಕುಡಿಯಲು ಬೆಲ್ಲ ನೀರು ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು ಇಷ್ಟೇ: “ಮಾಷ್ಟ್ರೆ, ಒಂದು ದಿನ ಮೊದಲು ಯಾರಾದರೂ ಹೇಳಿದ್ದರೆ ನಾಲ್ಕು ಜನ ಸೇರಿ ತೆಂಗಿನ ತೋಟಕ್ಕೆ ಎಳೆದು ಹಾಕ್ತಿದ್ದೆವು. ಅರ್ಧ ಗಂಟೆಯ ಕೆಲಸ.”

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಮುನ್ನೆಚ್ಚರಿಕೆಗೆ ಎರಡು ಗುಣ ಬೇಕು. ಅದು ಸರಿ ಇರಬೇಕು, ಹೊತ್ತಿಗೆ ಬರಬೇಕು. ಸರಿ ಇರುವಂತೆ ಮಾಡುವ ಕೆಲಸ ವಿಜ್ಞಾನಿಗಳದ್ದು. ಆದರೆ ಹೊತ್ತಿಗೆ ತಲುಪಿಸುವ ಕೆಲಸ ಯಾರದ್ದು? ಈ ಪ್ರಶ್ನೆಗೆ ನೂರೈವತ್ತು ವರ್ಷಗಳ ಚರಿತ್ರೆ ಏನು ಉತ್ತರ ಕೊಡುತ್ತದೆ ಎಂಬುದನ್ನು ಸದಸ್ಯ ಬಾಂಧವರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕಲ್ಕತ್ತೆಯಿಂದ ಆರಂಭ

ಚಂಡಮಾರುತಕ್ಕೆ ಇಂಗ್ಲಿಷಿನಲ್ಲಿ ಸೈಕ್ಲೋನ್ ಎನ್ನುತ್ತಾರಷ್ಟೆ. ಆ ಪದ ಹುಟ್ಟಿದ್ದು ನಮ್ಮ ದೇಶದಲ್ಲೇ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಹೆನ್ರಿ ಪಿಡಿಂಗ್ಟನ್ ಎಂಬ ಮಾಜಿ ಹಡಗಿನ ಕಪ್ತಾನ ಕಲ್ಕತ್ತೆಯಲ್ಲಿ ನೆಲೆಸಿದ್ದ. ಬಂಗಾಳ ಕೊಲ್ಲಿಯಲ್ಲಿ ಗಾಳಿಗೆ ಸಿಕ್ಕಿದ ಹಡಗುಗಳ ದಿನಚರಿ ಪುಸ್ತಕಗಳನ್ನು ಸಂಗ್ರಹಿಸಿ, ಗಾಳಿ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ತಿರುಗಿತು ಎಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ. ಇದು ನೇರವಾಗಿ ಬೀಸುವ ಗಾಳಿಯಲ್ಲ, ಸುತ್ತಿಕೊಂಡ ಹಾವಿನಂತೆ ತಿರುಗುವ ಗಾಳಿ ಎಂದು ಕಂಡುಕೊಂಡು, ಗ್ರೀಕ್ ಭಾಷೆಯಿಂದ ಹಾವಿನ ಸುರುಳಿ ಎಂಬ ಅರ್ಥದ ಪದ ತೆಗೆದು 1840ರ ದಶಕದಲ್ಲಿ ಈ ಹೆಸರು ಕೊಟ್ಟ.

ಆಗ ಕಲ್ಕತ್ತೆಗೆ ಬದಲಿಯಾಗಿ ಮಾತ್ಲಾ ನದಿಯ ಬಳಿ ಹೊಸ ಬಂದರು ಕಟ್ಟುವ ಯೋಚನೆ ಸರಕಾರಕ್ಕೆ ಬಂದಿತ್ತು. 1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದು, ಅಲ್ಲಿ ಬಂದರು ಕಟ್ಟಬೇಡಿ, ಒಂದಲ್ಲ ಒಂದು ದಿನ ಚಂಡಮಾರುತದ ಜೊತೆ ಕಡಲ ನೀರು ಉಕ್ಕಿ ಬಂದು ಎಲ್ಲವನ್ನೂ ಮುಳುಗಿಸುತ್ತದೆ ಎಂದು ಹೇಳಿದ. ಕೇಳಿದವರಿಲ್ಲ. ಪೋರ್ಟ್ ಕ್ಯಾನಿಂಗ್ ಎಂಬ ಬಂದರು ಎದ್ದು ನಿಂತಿತು, ರೈಲೂ ಬಂತು. ಪಿಡಿಂಗ್ಟನ್ 1858ರಲ್ಲಿ ತೀರಿಕೊಂಡ. 1867ರ ನವೆಂಬರಿನಲ್ಲಿ ಅವನು ಹೇಳಿದ ಹಾಗೆಯೇ ಚಂಡಮಾರುತ ಬಂತು, ಸುಮಾರು ಆರು ಅಡಿ ನೀರು ಬಂದರಿನ ಮೇಲೆ ಹರಿಯಿತು. ಕೆಲವೇ ವರ್ಷಗಳಲ್ಲಿ ಆ ಬಂದರನ್ನು ಕೈಬಿಟ್ಟರು. ಹದಿನಾಲ್ಕು ವರ್ಷ ಮೊದಲೇ ಕೊಟ್ಟ ಎಚ್ಚರಿಕೆ, ಅದೂ ನಿಜವಾದ ಎಚ್ಚರಿಕೆ, ಯಾರ ಉಪಯೋಗಕ್ಕೂ ಬರಲಿಲ್ಲ.

ಅದಕ್ಕೂ ಮೂರು ವರ್ಷ ಮೊದಲು, 1864ರ ಅಕ್ಟೋಬರ್ 5ರಂದು, ಕಲ್ಕತ್ತೆಗೇ ದೊಡ್ಡ ಚಂಡಮಾರುತ ಬಡಿದು ಹೂಗ್ಲಿ ನದಿಯ ಎರಡೂ ದಡಗಳಲ್ಲಿ ಸುಮಾರು 60,000 ಜನ ಸತ್ತಿದ್ದರು. ಬಂದರಿನಲ್ಲಿದ್ದ ಹಡಗುಗಳು ಒಂದರ ಮೇಲೊಂದು ಬಿದ್ದು ಪುಡಿಯಾದವು. ಹಡಗುಗಳು ಹಾಳಾದ ಮೇಲೆ ಸರಕಾರಕ್ಕೆ ಎಚ್ಚರವಾಯಿತು. ಮರುವರ್ಷ, 1865ರಲ್ಲಿ, ಕಲ್ಕತ್ತೆ ಬಂದರಿನಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಡುವ ಏರ್ಪಾಡು ಶುರುವಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಗಾದೆಯಂತೆ ಎಂದು ನಗಬಹುದು. ಆದರೆ ಮುಂದಿನ ಸೂರೆಗಾದರೂ ಬಾಗಿಲು ಇತ್ತಲ್ಲ. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಎಚ್.ಎಫ್. ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥ. 1886ರ ಹೊತ್ತಿಗೆ ದೇಶದ ಎಲ್ಲ ಬಂದರುಗಳಿಗೂ ಈ ಎಚ್ಚರಿಕೆಯ ಸೇವೆ ವಿಸ್ತರಿಸಿತು.

ಇದು ಸಾಧ್ಯವಾದದ್ದು ತಂತಿಯಿಂದ. ಚಂಡಮಾರುತ ಗಂಟೆಗೆ ಹದಿನೈದೋ ಇಪ್ಪತ್ತೋ ಕಿಲೋಮೀಟರಿನಂತೆ ಮುಂದೆ ಸಾಗುತ್ತದೆ. ತಿರುಗುವ ವೇಗ ಹೆಚ್ಚು, ಸಾಗುವ ವೇಗ ಕಡಿಮೆ. ಹಾಗಾಗಿ ತಂತಿ ಬಂದ ಮೇಲೆ ಮೊದಲ ಬಾರಿಗೆ ಗಾಳಿಗಿಂತ ಮುಂದೆ ಸುದ್ದಿ ಓಡಲು ಸಾಧ್ಯವಾಯಿತು. ಆದರೆ ತಂತಿ ಓಡುತ್ತಿದ್ದದ್ದು ಬಂದರಿನಿಂದ ಬಂದರಿಗೆ. ಬಂದರಿನಿಂದ ಕೇರಿಗೆ, ಕೇರಿಯಿಂದ ಗುಡಿಸಲಿಗೆ ತಂತಿ ಇರಲಿಲ್ಲ.

ಬೇಡವೆಂದವರೇ ಬೇಕೆಂದರು

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. 1859ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ 400ಕ್ಕೂ ಹೆಚ್ಚು ಜನ ಸತ್ತರು. ಆಗ ರಾಬರ್ಟ್ ಫಿಟ್ಜ್‌ರಾಯ್ ಎಂಬ ನೌಕಾಧಿಕಾರಿ ತಂತಿಯ ಮೂಲಕ ಕರಾವಳಿಯ ಊರುಗಳಿಂದ ಹವೆಯ ವಿವರ ತರಿಸಿ, 1861ರಿಂದ ಬಿರುಗಾಳಿಯ ಎಚ್ಚರಿಕೆ ಕೊಡತೊಡಗಿದ. ವಿಜ್ಞಾನಿ ಡಾರ್ವಿನ್ನನನ್ನು ‘ಬೀಗಲ್’ ಹಡಗಿನಲ್ಲಿ ಕರೆದುಕೊಂಡು ಹೋದ ಕಪ್ತಾನ ಇವನೇ. ಬಂದರಿನ ಕಂಬಕ್ಕೆ ಶಂಕುವಿನ ಆಕಾರದ, ಡೋಲಿನ ಆಕಾರದ ಗುರುತುಗಳನ್ನು ಏರಿಸಿ ದೂರದಿಂದಲೇ ಕಾಣುವಂತೆ ಮಾಡಿದ. ಪತ್ರಿಕೆಯಲ್ಲಿ ನಾಳೆಯ ಹವೆ ಹೇಗಿರುತ್ತದೆ ಎಂದು ಪ್ರಕಟಿಸುವುದನ್ನು ಶುರುಮಾಡಿದವನೂ ಅವನೇ.

ಕೆಲವೊಮ್ಮೆ ಹೇಳಿದ್ದು ಆಗುತ್ತಿತ್ತು, ಕೆಲವೊಮ್ಮೆ ಆಗುತ್ತಿರಲಿಲ್ಲ. ಪತ್ರಿಕೆಗಳು ಗೇಲಿ ಮಾಡಿದವು. ಗುರುತು ಏರಿಸಿದರೆ ದೋಣಿಗಳು ದಡದಲ್ಲೇ ನಿಂತು ನಷ್ಟವಾಗುತ್ತದೆ ಎಂದು ದೋಣಿ ಮಾಲಿಕರಿಗೆ ಸಿಟ್ಟು. ಇದರಲ್ಲಿ ಶಾಸ್ತ್ರವೇ ಇಲ್ಲ ಎಂದು ಪಂಡಿತರ ಆಕ್ಷೇಪಣೆ. ಫಿಟ್ಜ್‌ರಾಯ್ ಹಣದ ಅಡಚಣೆ, ಕಾಯಿಲೆ, ಮನೋವ್ಯಥೆಗಳಿಂದ ಬಳಲಿ 1865ರಲ್ಲಿ ತನ್ನ ಜೀವವನ್ನು ತಾನೇ ಕಳೆದುಕೊಂಡ. ಮರುವರ್ಷ ಪಂಡಿತರ ಸಮಿತಿ ವರದಿ ಕೊಟ್ಟು ಎಚ್ಚರಿಕೆಯ ಗುರುತುಗಳನ್ನೂ ನಿಲ್ಲಿಸಿದರು. ಆಗ ನಡೆದದ್ದೇ ವಿಶೇಷ. ಗುರುತು ಏರಿಸಿ ಎಂದು ಕಡಲಿಗೆ ಹೋಗುವವರೇ ಒತ್ತಾಯ ಮಾಡಿದರು! ಹತ್ತರಲ್ಲಿ ನಾಲ್ಕು ಸಲ ತಪ್ಪಿದರೂ ಅಡ್ಡಿ ಇಲ್ಲ, ಉಳಿದ ಆರು ಸಲ ಜೀವ ಉಳಿಯುತ್ತದಲ್ಲ ಎಂಬುದು ಅವರ ಲೆಕ್ಕವಾಗಿದ್ದಿರಬೇಕು. 1867ರಲ್ಲಿ ಎಚ್ಚರಿಕೆ ಮತ್ತೆ ಶುರುವಾಯಿತು. ಎಚ್ಚರಿಕೆ ಎಷ್ಟು ಸರಿ ಎಂದು ತೂಗುವಾಗ ಕುರ್ಚಿಯಲ್ಲಿ ಕೂತವನ ತಕ್ಕಡಿ ಬೇರೆ, ದೋಣಿಯಲ್ಲಿ ಕೂತವನ ತಕ್ಕಡಿ ಬೇರೆ.

ಕಂಬದ ಮೇಲಿನ ಹನ್ನೊಂದು ಗುರುತು

ನಮ್ಮ ದೇಶದ ದೊಡ್ಡ ಬಂದರುಗಳಲ್ಲಿ ಇಂಥ ಗುರುತುಗಳು ಒಂದರಿಂದ ಹನ್ನೊಂದರವರೆಗೆ ಇವೆ. ಹಗಲು ಶಂಕು ಮತ್ತು ಡೋಲು, ರಾತ್ರಿ ಕೆಂಪು ಮತ್ತು ಬಿಳಿ ದೀಪ. ಒಂದು, ಎರಡು ಎಂದರೆ ದೂರದ ಕಡಲಲ್ಲಿ ಗಾಳಿ ಎದ್ದಿದೆ ಎಂದರ್ಥ. ಮೂರು, ನಾಲ್ಕು ಎಂದರೆ ಈ ಬಂದರಿಗೇ ಕೆಟ್ಟ ಹವೆ ಬರಬಹುದು. ಐದರಿಂದ ಏಳು ಅಪಾಯ, ಎಂಟರಿಂದ ಹತ್ತು ಮಹಾ ಅಪಾಯ. “ಮೂರನೇ ನಂಬರ್ ಹಾಕಿದ್ದಾರಂತೆ” ಎಂದು ಬಂದರಿನ ಕಡೆಯಿಂದ ಬಂದವರು ಹೇಳುವ ಮಾತು ಕರಾವಳಿಯ ಹಳಬರಿಗೆ ಪರಿಚಿತ.

ಹತ್ತಕ್ಕಿಂತ ದೊಡ್ಡ ಅಪಾಯ ಯಾವುದು, ಹನ್ನೊಂದು ಯಾಕೆ ಎಂದು ಕೇಳಬಹುದು. ಹನ್ನೊಂದರ ಅರ್ಥ ಬೇರೆಯೇ. ಹವಾಮಾನ ಕಚೇರಿಯೊಂದಿಗೆ ಸಂಪರ್ಕ ಕಡಿದುಹೋಗಿದೆ, ಆದರೆ ಕೆಟ್ಟ ಹವೆ ಬರುವ ಅಪಾಯವಿದೆ ಎಂದು ಇಲ್ಲಿನ ಬಂದರು ಅಧಿಕಾರಿಗೆ ತೋರುತ್ತಿದೆ ಎಂದು ಅದರ ಅರ್ಥ. ಮೇಲಿನಿಂದ ಸುದ್ದಿ ಬಾರದಿದ್ದರೂ ಸ್ಥಳದಲ್ಲಿರುವವನು ತನ್ನ ಬುದ್ಧಿಯಿಂದ ಎಚ್ಚರಿಸಬೇಕು ಎಂದು ಹಿಂದಿನವರು ಯೋಚಿಸಿ ಇಟ್ಟ ಗುರುತು ಅದು.

ಕೇಳಿಯೂ ಎದ್ದು ಹೋಗದ ಜನ

1970ರ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನಕ್ಕೆ, ಎಂದರೆ ಇಂದಿನ ಬಾಂಗ್ಲಾದೇಶಕ್ಕೆ, ಬಡಿದ ಚಂಡಮಾರುತದಲ್ಲಿ ಸತ್ತವರ ಸಂಖ್ಯೆಯನ್ನು 3 ಲಕ್ಷದಿಂದ 5 ಲಕ್ಷ ಎಂದು ಹೇಳುತ್ತಾರೆ. ಇಷ್ಟು ಜನರನ್ನು ಬಲಿ ತೆಗೆದುಕೊಂಡ ಚಂಡಮಾರುತ ಇನ್ನೊಂದಿಲ್ಲ. ಎಚ್ಚರಿಕೆ ಇರಲಿಲ್ಲವೆ? ಇತ್ತು. ರೇಡಿಯೋದಲ್ಲಿ ಹೇಳಿದ್ದರು. ನಂತರ ನಡೆದ ಒಂದು ಸಮೀಕ್ಷೆಯ ಪ್ರಕಾರ ಆ ಭಾಗದ ನೂರಕ್ಕೆ ತೊಂಬತ್ತು ಜನಕ್ಕೆ ಚಂಡಮಾರುತದ ಸುದ್ದಿ ಗೊತ್ತಿತ್ತು. ಭದ್ರವಾದ ಕಟ್ಟಡಕ್ಕೆ ಹೋದವರು ನೂರಕ್ಕೆ ಒಬ್ಬರು ಮಾತ್ರ.

ಯಾಕೆ ಹೋಗಲಿಲ್ಲ? ಕೆಲವೇ ವಾರಗಳ ಹಿಂದೆ ಇದೇ ರೀತಿಯ ಎಚ್ಚರಿಕೆ ಬಂದು, ಹೇಳಿದಷ್ಟು ಏನೂ ಆಗಿರಲಿಲ್ಲ. ಈ ಸಲ ಹೇಳಿದ್ದು ಎಷ್ಟು ದೊಡ್ಡದು ಎಂದು ಅರ್ಥವಾಗುವ ಮಾತಿನಲ್ಲಿ ಹೇಳಲಿಲ್ಲ. ಮೇಲಾಗಿ ಹೋಗುವುದಾದರೂ ಎಲ್ಲಿಗೆ? ತಗ್ಗಿನ ದ್ವೀಪಗಳಲ್ಲಿ ಎತ್ತರದ ಜಾಗವೂ ಇಲ್ಲ, ಗಟ್ಟಿ ಕಟ್ಟಡವೂ ಇಲ್ಲ. ದನಕರು ಬಿಟ್ಟು ಹೋದರೆ ನಾಳೆ ಬದುಕುವುದು ಹೇಗೆ ಎಂಬ ಚಿಂತೆ ಬೇರೆ. ಇದನ್ನು ಓದಿದಾಗ ನನಗೆ ಅರ್ಥವಾದದ್ದು ಇದು: ಕಿವಿಗೆ ಬಿದ್ದ ಮಾತ್ರಕ್ಕೆ ಎಚ್ಚರಿಕೆ ತಲುಪಿತು ಎನ್ನಲಾಗದು. ಕಾಲು ಎದ್ದು ಹೊರಟರೆ ತಲುಪಿದಂತೆ.

1972ರಲ್ಲಿ ಹೊಸ ಬಾಂಗ್ಲಾದೇಶದಲ್ಲಿ ಸ್ವಯಂಸೇವಕರ ಪಡೆಯೊಂದನ್ನು ಕಟ್ಟಿದರು. ಪ್ರತಿ ಊರಿನಲ್ಲಿ ಆ ಊರಿನವರೇ. ಕೈಯಲ್ಲಿ ಮೈಕು, ಸೈರನ್, ಬಾವುಟ. ಆಮೇಲೆ ಆಸರೆ ಕಟ್ಟಡಗಳೂ ಒಂದೊಂದಾಗಿ ಬಂದವು. 1991ರ ಏಪ್ರಿಲ್ 29ರಂದು ಮತ್ತೆ ಭಾರೀ ಚಂಡಮಾರುತ ಬಂದಾಗ ಅವು ಸಾಲಲಿಲ್ಲ. ಸುಮಾರು 1,38,000 ಜನ ಸತ್ತರು. ಕಟ್ಟುವ ಕೆಲಸ ಮುಂದುವರಿಯಿತು. 2007ರ ‘ಸಿಡ್ರ್’ ಚಂಡಮಾರುತದಲ್ಲಿ ಸತ್ತವರು ಸುಮಾರು 3,400. ಅದೂ ಕಡಿಮೆಯೇನಲ್ಲ. ಆದರೆ ಲಕ್ಷದಿಂದ ಸಾವಿರಕ್ಕೆ ಇಳಿದದ್ದು ಊರಿನವರ ಕಾಲ್ನಡಿಗೆಯಿಂದ.

ಆಂಧ್ರ ಮತ್ತು ಒಡಿಶಾ ಕಲಿಸಿದ ಪಾಠ

ನಮ್ಮಲ್ಲೂ ಇದೇ ಕತೆ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯ ಮೇಲೆ ಕಡಲು ಉಕ್ಕಿ ಬಂದು ಸುಮಾರು 10,000 ಜನ ಸತ್ತರು. ಆಮೇಲೆ ಕರಾವಳಿಯಲ್ಲಿ ಆಸರೆ ಕಟ್ಟಡಗಳು ಬಂದವು. ಇನ್‌ಸ್ಯಾಟ್ ಉಪಗ್ರಹದ ಮೂಲಕ ನೇರವಾಗಿ ಊರಿನ ಕಚೇರಿಯಲ್ಲಿಟ್ಟ ಪೆಟ್ಟಿಗೆಗೆ ಸ್ಥಳೀಯ ಭಾಷೆಯಲ್ಲಿ ಎಚ್ಚರಿಕೆ ಕಳಿಸುವ ವ್ಯವಸ್ಥೆ 1980ರ ದಶಕದಲ್ಲಿ ಬಂತು. 1990ರ ಮೇ ತಿಂಗಳಲ್ಲಿ ಅದೇ ಆಂಧ್ರಕ್ಕೆ ಹೆಚ್ಚುಕಡಿಮೆ ಅಷ್ಟೇ ಬಲದ ಚಂಡಮಾರುತ ಬಂದಾಗ ಲಕ್ಷಗಟ್ಟಲೆ ಜನರನ್ನು ಮೊದಲೇ ಸಾಗಿಸಿದ್ದರು. ಸತ್ತವರ ಸಂಖ್ಯೆ ಸಾವಿರದ ಒಳಗೆ ನಿಂತಿತು.

1999ರ ಅಕ್ಟೋಬರ್ 29ರ ಒಡಿಶಾದ ಮಹಾ ಚಂಡಮಾರುತ ಹಲವರಿಗೆ ನೆನಪಿರಬಹುದು. ಚಂಡಮಾರುತ ಬರುತ್ತದೆ ಎಂದು ಗೊತ್ತಿತ್ತು. ಆದರೆ ಎರಸಮಾ ಮುಂತಾದ ಕಡೆ ಕಡಲು ಊರೊಳಗೆ ಕಿಲೋಮೀಟರುಗಟ್ಟಲೆ ನುಗ್ಗುತ್ತದೆ ಎಂದು ಅಲ್ಲಿನ ಬಡವರಿಗೆ ಅರ್ಥವಾಗುವ ಹಾಗೆ ಹೇಳಿದವರಿರಲಿಲ್ಲ. ಓಡಿ ಸೇರಲು ಕಟ್ಟಡಗಳೂ ಕೆಲವೇ ಇದ್ದವು. ಸುಮಾರು 10,000 ಜನ ಹೋದರು. ಅದೇ ವರ್ಷ ಒಡಿಶಾ ಸರಕಾರ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಸಂಸ್ಥೆ ಕಟ್ಟಿತು. ನೂರಾರು ಆಸರೆ ಕಟ್ಟಡಗಳು ಎದ್ದವು. ಪ್ರತಿಯೊಂದಕ್ಕೂ ಊರಿನವರದೇ ಸಮಿತಿ. ಬೀಗದ ಕೈ ಯಾರ ಹತ್ತಿರ, ಮುದುಕರನ್ನು ಯಾರು ಎತ್ತಿಕೊಂಡು ಬರಬೇಕು, ಗರ್ಭಿಣಿಯರನ್ನು ಮೊದಲೇ ಎಲ್ಲಿಗೆ ಕಳಿಸಬೇಕು ಎಂಬುದೆಲ್ಲ ಮೊದಲೇ ತೀರ್ಮಾನ.

2013ರ ಅಕ್ಟೋಬರ್ 12ರಂದು ‘ಫೈಲಿನ್’ ಗೋಪಾಲಪುರದ ಬಳಿ ಬಂದಿತು. ಕೆಲವು ವಿದೇಶಿ ತಜ್ಞರು ಇದು 1999ರಷ್ಟೇ ಭೀಕರ ಎಂದರು. ನಮ್ಮ ಹವಾಮಾನ ಇಲಾಖೆ ತನ್ನ ಲೆಕ್ಕಕ್ಕೇ ಅಂಟಿಕೊಂಡು, ಗಾಳಿ ಗಂಟೆಗೆ 210-220 ಕಿ.ಮೀ. ಎಂದಿತು. ಇಲಾಖೆಯ ಮಾತೇ ನಿಜವಾಯಿತು. ಸುಮಾರು ಹತ್ತು ಲಕ್ಷ ಜನ ಮೊದಲೇ ಜಾಗ ಬಿಟ್ಟಿದ್ದರು. ಸತ್ತವರು ಐವತ್ತಕ್ಕಿಂತ ಕಡಿಮೆ. 2019ರ ಮೇ 3ರ ‘ಫೋನಿ’ ಚಂಡಮಾರುತಕ್ಕೆ ಒಡಿಶಾದಲ್ಲಿ 12 ಲಕ್ಷ ಜನರನ್ನು ಸಾಗಿಸಿದರು. 26 ಲಕ್ಷ ಮೊಬೈಲ್ ಸಂದೇಶ ಹೋಯಿತು, 43,000 ಸ್ವಯಂಸೇವಕರು ಓಡಾಡಿದರು. ಸತ್ತವರು 64. ಇಪ್ಪತ್ತು ವರ್ಷಗಳ ನಡುವೆ ಉಪಗ್ರಹ, ರಾಡಾರ್, ಕಂಪ್ಯೂಟರುಗಳು ಬಹಳ ಸುಧಾರಿಸಿದವು, ನಿಜ. ಆದರೆ ಬೀಗದ ಕೈ ಯಾರ ಹತ್ತಿರ ಎಂಬ ಪ್ರಶ್ನೆಗೆ ಉತ್ತರ ಸಿಕ್ಕದಿದ್ದರೆ ಆ ಕಟ್ಟಡದ ಬಾಗಿಲು ತೆರೆಯುತ್ತಿರಲಿಲ್ಲ.

ನಮ್ಮ ಬದಿಯ ಕಡಲು

ಇದೆಲ್ಲ ಬಂಗಾಳ ಕೊಲ್ಲಿಯ ಕತೆ, ನಮ್ಮ ಪಡುಗಡಲಿಗೆ ಯಾಕೆ ಎನ್ನಬಾರದು. 2017ರ ನವೆಂಬರ್ 29ರಂದು ಶ್ರೀಲಂಕಾದ ಬಳಿ ಹುಟ್ಟಿದ ವಾಯುಭಾರ ಕುಸಿತ ಮರುದಿನವೇ ‘ಒಖಿ’ ಚಂಡಮಾರುತವಾಗಿ ಕನ್ಯಾಕುಮಾರಿಯ ಪಕ್ಕದಲ್ಲೇ ಹಾದು ಅರಬ್ಬಿ ಸಮುದ್ರಕ್ಕೆ ಬಂತು. ಕಡಲಿಗೆ ಇಳಿಯಬೇಡಿ ಎಂಬ ಸೂಚನೆ ಬಂದಿತ್ತು. ಆದರೆ ಇಳಿಯಬೇಡಿ ಎನ್ನುವಷ್ಟರಲ್ಲಿ ಕೆಲವರು ಇಳಿದು ದಿನಗಳೇ ಆಗಿದ್ದವು. ದಡದಿಂದ ಹತ್ತು ಹನ್ನೆರಡು ಕಿಲೋಮೀಟರು ದಾಟಿದರೆ ಮೊಬೈಲು ಮೂಕ. ಕೇರಳ, ತಮಿಳುನಾಡುಗಳ ನೂರಾರು ಮೀನುಗಾರರು ಹಿಂದೆ ಬರಲಿಲ್ಲ. ಅದರ ನಂತರವೇ ನಡುಗಡಲಿನಲ್ಲಿರುವ ದೋಣಿಗೂ ಉಪಗ್ರಹದಿಂದ ಸಂದೇಶ ತಲುಪಿಸುವ ‘ಜೆಮಿನಿ’ ಎಂಬ ಉಪಕರಣ 2019ರಲ್ಲಿ ಬಂದದ್ದು.

2021ರ ಮೇ ತಿಂಗಳ ‘ತೌಕ್ತೆ’ ನಮ್ಮ ಕರಾವಳಿಯನ್ನೇ ಸವರಿಕೊಂಡು ಹೋಯಿತು. ಕಡಲ ದಡದ ಮನೆಗಳು, ರಸ್ತೆಗಳು ಕೊಚ್ಚಿಹೋದವು. ಆ ಸಲ ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಹಾಗಿದ್ದರೂ ಕಾಪು ಬಳಿ ಬಂಡೆಗಳ ನಡುವೆ ಸಿಕ್ಕಿಕೊಂಡ ಟಗ್ ಒಂದರಿಂದ 9 ಮಂದಿಯನ್ನು 17ರಂದು ಹಡಗು, ಹೆಲಿಕಾಪ್ಟರ್ ತಂದು ಬದುಕಿಸಬೇಕಾಯಿತು. ಅದೇ ದಿನ ಮುಂಬಯಿಯ ಕಡಲಲ್ಲಿ ದೊಡ್ಡ ಬಾರ್ಜ್ ಒಂದು ಮುಳುಗಿ ಅದರಲ್ಲಿದ್ದ 261 ಮಂದಿಯಲ್ಲಿ ಹಲವು ಹತ್ತು ಜನ ಸತ್ತರು. ಎಚ್ಚರಿಕೆ ಸರಿಯಾಗಿಯೂ ಇತ್ತು, ಹೊತ್ತಿಗೂ ಬಂತು. ಕೇಳಿ ನಡೆಯುವುದೊಂದು ಬಾಕಿ ಇತ್ತು.

“ಎಲ್ಲಿ ಹೋಯ್ತು ನಿಮ್ಮ ಗಾಳಿ?”

ಇನ್ನು ಸುಳ್ಳಾದ ಎಚ್ಚರಿಕೆಯ ವಿಷಯ. ನಾನೇ ಒಮ್ಮೆ ರೇಡಿಯೋ ಕೇಳಿ ಕೇರಿಯವರಿಗೆಲ್ಲ ಹೇಳಿ ಅಡಿಕೆ ಒಳಗೆ ಹಾಕಿಸಿದೆ. ಎರಡು ದಿನ ಸುಡುವ ಬಿಸಿಲು! “ಎಂತ ಮಾಷ್ಟ್ರೆ, ಎಲ್ಲಿ ಹೋಯ್ತು ನಿಮ್ಮ ಗಾಳಿ?” ಎಂದು ಸಿಕ್ಕಿದವರೆಲ್ಲ ಕೇಳಿದರು. ಮರುವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ, ಮಳೆ ಸುರಿಯಿತು. ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಕತೆ ನಮಗೆಲ್ಲ ಗೊತ್ತು. ಆದರೆ ಹವಾಮಾನದವರು ಆ ಹುಡುಗನಂತೆ ತಮಾಷೆಗೆ ಕೂಗುವವರಲ್ಲ. ಹುಲಿ ಊರ ಹೊರಗೆ ಸುಳಿದು ಪಕ್ಕದ ಕಾಡಿಗೆ ಹೋದರೂ ಕೂಗಿದ್ದು ತಪ್ಪಲ್ಲ.

ಅವರ ಮಾತನ್ನು ನಾವು ಅರ್ಥ ಮಾಡಿಕೊಳ್ಳುವುದರಲ್ಲೂ ತಪ್ಪಿದೆ. ‘ಒಂದೆರಡು ಕಡೆ’ ಮಳೆ ಎಂದರೆ ನೂರು ಮಳೆಮಾಪಕಗಳಲ್ಲಿ ಇಪ್ಪತ್ತೈದರೊಳಗೆ ಮಾತ್ರ ಮಳೆ ಬಿದ್ದೀತು ಎಂದರ್ಥ. ‘ಕೆಲವೆಡೆ’ ಎಂದರೆ ಐವತ್ತರವರೆಗೆ, ‘ಹಲವೆಡೆ’ ಎಂದರೆ ಎಪ್ಪತ್ತೈದರವರೆಗೆ, ‘ಬಹುತೇಕ ಕಡೆ’ ಎಂದರೆ ಅದಕ್ಕಿಂತ ಹೆಚ್ಚು. ಒಂದೆರಡು ಕಡೆ ಎಂದದ್ದು ನಮ್ಮ ಅಂಗಳಕ್ಕೆ ಬೀಳದಿದ್ದರೆ ಸುಳ್ಳಲ್ಲ. ಹಾಗೆಯೇ ‘ಭಾರೀ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚು, ‘ಅತಿ ಭಾರೀ’ ಎಂದರೆ 115.5 ಮಿ.ಮೀ.ಗಿಂತ ಹೆಚ್ಚು, ಅದಕ್ಕೂ ಮೇಲಿನದು 204.4 ಮಿ.ಮೀ. ದಾಟಿದ್ದು.

ಬಣ್ಣಗಳೂ ಹಾಗೆಯೇ. ಹಸಿರು ಎಂದರೆ ಚಿಂತೆ ಇಲ್ಲ. ಹಳದಿ ಎಂದರೆ ಗಮನ ಇರಲಿ. ಕಿತ್ತಳೆ ಎಂದರೆ ಸಿದ್ಧವಾಗಿರಿ. ಕೆಂಪು ಎಂದರೆ ಈಗಲೇ ಏಳಿ. ನಮ್ಮ ಶಾಲೆಯ ಮಕ್ಕಳಿಗೆ ಕೆಂಪು ಎಂದರೆ ಡೀಸಿಯವರ ರಜೆ ಎಂದು ಮಾತ್ರ ಗೊತ್ತು. ಅದನ್ನು ದೊಡ್ಡವರಾದರೂ ಸರಿಯಾಗಿ ತಿಳಿದುಕೊಳ್ಳಬೇಡವೆ?

ಚಂಡಮಾರುತಕ್ಕಾದರೆ ಈಗ ನಾಲ್ಕು ಹಂತದ ಸೂಚನೆ ಇದೆ: 72 ಗಂಟೆ ಮೊದಲು ಒಂದು, 48 ಗಂಟೆ ಮೊದಲು ಇನ್ನೊಂದು, 24 ಗಂಟೆ ಮೊದಲು ಖಚಿತ ಎಚ್ಚರಿಕೆ, ದಡ ಮುಟ್ಟುವ 12 ಗಂಟೆ ಮೊದಲು ಒಳನಾಡಿಗೂ ಸೇರಿ ಕೊನೆಯದು. ಒಂದು ದಿನ ಮೊದಲು ಹೇಳುವ ಜಾಗಕ್ಕೂ ನಿಜವಾಗಿ ಬರುವ ಜಾಗಕ್ಕೂ ಹಿಂದೆ ಸರಾಸರಿ ನೂರು ಕಿ.ಮೀ.ಗೆ ಮೀರಿ ಅಂತರವಿತ್ತು. ಈಗ ಅದು ನೂರರೊಳಗೆ ಬಂದಿದೆ. ಸಿಡಿಲಿನದು ಮಾತ್ರ ಇನ್ನೂ ನಿಮಿಷಗಳ ಲೆಕ್ಕ. ‘ದಾಮಿನಿ’ಯಂಥ ಮೊಬೈಲ್ ಸೂಚನೆ ಅರ್ಧ ಗಂಟೆ ಮೊದಲು ಎಚ್ಚರಿಸಿದರೆ ದೊಡ್ಡದು. ಗದ್ದೆಯಲ್ಲಿರುವವನ ಕಿಸೆಯಲ್ಲಿ ಮೊಬೈಲು ಇರಬೇಕು, ಅದರಲ್ಲಿ ಚಾರ್ಜೂ ಇರಬೇಕು.

ನಮ್ಮ ರಾಜ್ಯದ ಕೆಲಸವನ್ನೂ ಹೇಳಬೇಕು. 1988ರಲ್ಲಿ ಬರದ ಮೇಲೆ ನಿಗಾ ಇಡಲೆಂದು ಬೆಂಗಳೂರಿನಲ್ಲಿ ಶುರುವಾದ ಘಟಕವೇ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕ ನಿಲ್ಲಿಸಿದವರು ಅವರು. 2023ರ ಅಕ್ಟೋಬರಿನಲ್ಲಿ ಒಂದು ದಿನ ಎಲ್ಲರ ಮೊಬೈಲೂ ಒಮ್ಮೆಲೇ ಕಿರುಚಿ ಗಾಬರಿ ಮಾಡಿದ್ದು ನೆನಪಿರಬಹುದು. ಅದೂ ಇಂಥ ಎಚ್ಚರಿಕೆಯ ಪರೀಕ್ಷೆಯೇ. ಮೇಲಿನವರು ತಮ್ಮ ಕೆಲಸ ಮಾಡುತ್ತಿದ್ದಾರೆ. ಕೆಳಗಿನ ನಾವು?

ಸಂಘಕ್ಕೆ ನನ್ನದೊಂದು ಬಿನ್ನಹ

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಶಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದರ ತತ್ವ ಒಂದೇ: ಒಬ್ಬನಿಂದ ಆಗದ್ದು ಹತ್ತು ಜನರಿಂದ ಆಗುತ್ತದೆ. ಸಾಲಕ್ಕೆ, ಗೊಬ್ಬರಕ್ಕೆ, ಹಾಲಿಗೆ ಹೊಂದುವ ಆ ತತ್ವ ಸುದ್ದಿಗೂ ಹೊಂದುತ್ತದೆ. ಬೆಳ್ಳಿಹಬ್ಬದ ನೆನಪಿಗೆ ಸಂಘ ಮೂರು ಕೆಲಸ ಮಾಡಬೇಕೆಂದು ಮಹಾಸಭೆಯಲ್ಲಿ ನಾನು ಕೇಳಿಕೊಳ್ಳಲಿದ್ದೇನೆ. ಇಲ್ಲಿಯೂ ಬರೆದಿಡುತ್ತೇನೆ.

ಒಂದು, ಕಚೇರಿಯ ಹೊರಗೋಡೆಗೆ ಒಂದು ಕಪ್ಪು ಹಲಗೆ. ದಿನಾ ಜಿಲ್ಲೆಯ ಬಣ್ಣ ಯಾವುದು, ಎಷ್ಟು ಗಂಟೆಗೆ ಬಂದ ಸೂಚನೆ ಎಂದು ಸೀಮೆಸುಣ್ಣದಲ್ಲಿ ಬರೆಯುವುದು. ಗಂಟೆ ಬರೆಯದ ಎಚ್ಚರಿಕೆ ತಾರೀಕಿಲ್ಲದ ಚೆಕ್ಕಿದ್ದ ಹಾಗೆ.

ಎರಡು, ರಜಾದಿನದ ಏರ್ಪಾಡು. ಗಾಳಿಗೆ ಎರಡನೇ ಶನಿವಾರ ಇಲ್ಲ. ಪ್ರತಿ ಕೇರಿಗೆ ಇಬ್ಬರು ಯುವಕ ಯುವತಿಯರನ್ನು ಗುರುತಿಸಿ, ಕಿತ್ತಳೆ ಅಥವಾ ಕೆಂಪು ಬಂದರೆ ಮನೆಮನೆಗೆ ಹೋಗಿ ಹೇಳುವ ಜವಾಬ್ದಾರಿ ಕೊಡುವುದು. ದೇವಸ್ಥಾನ, ಮಸೀದಿ, ಇಗರ್ಜಿಯ ಮೈಕಿನವರೂ ಕೈಜೋಡಿಸಿಯಾರು. ಒಂಟಿ ಮುದುಕರ ಮನೆ ಯಾವುದು, ದಡದಲ್ಲಿ ಎಷ್ಟು ದೋಣಿ ಇವೆ, ಎಳೆಯಲು ಯಾರನ್ನು ಕರೆಯಬೇಕು ಎಂಬ ಪಟ್ಟಿ ಮೊದಲೇ ಇರಬೇಕು.

ಮೂರು, ಒಂದು ಪುಸ್ತಕ. ಎಚ್ಚರಿಕೆ ಯಾವಾಗ ಬಂತು, ಏನು ಹೇಳಿತು, ನಮ್ಮ ಊರಿಗೆ ಯಾವಾಗ ತಲುಪಿತು, ಕೊನೆಗೆ ಏನಾಯಿತು ಎಂದು ನಾಲ್ಕು ಕಾಲಂ. ವರ್ಷದ ಕೊನೆಗೆ ಜಮಾಖರ್ಚಿನ ಜೊತೆ ಅದನ್ನೂ ಮಹಾಸಭೆಯಲ್ಲಿ ಓದುವುದು. ಎಷ್ಟು ಸಲ ನಿಜವಾಯಿತು, ಎಷ್ಟು ಸಲ ತಪ್ಪಿತು ಎಂಬುದನ್ನು ಕಟ್ಟೆಯಲ್ಲಿ ಕೂತು ಬಾಯಿಗೆ ಬಂದಂತೆ ಹೇಳುವ ಬದಲು ಲೆಕ್ಕ ನೋಡಿ ಹೇಳಬಹುದು. ಮೇಲಿನವರ ತಪ್ಪೆಷ್ಟು, ನಮ್ಮ ತಡವೆಷ್ಟು ಎಂಬುದೂ ಗೊತ್ತಾಗುತ್ತದೆ.

ಈ ಮೂರಕ್ಕೂ ಖರ್ಚು ಎಷ್ಟು? ಒಂದು ಹಲಗೆ, ಒಂದು ಪುಸ್ತಕ, ಸ್ವಲ್ಪ ಸೀಮೆಸುಣ್ಣ. ಒಂದು ದೋಣಿಯ ಸಾಲ ಸುಸ್ತಿಯಾದರೆ ಸಂಘಕ್ಕೆ ಆಗುವ ನಷ್ಟದ ಮುಂದೆ ಇದು ಏನೂ ಅಲ್ಲ.

ಲೇಖನದ ಮೊದಲಿಗೆ ಹೇಳಿದ ಆ ಹಿರಿಯರು ಆಮೇಲೆ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗಿ, ಐದು ವರ್ಷದಲ್ಲಿ ಬಡ್ಡಿ ಸಮೇತ ಸಾಲ ತೀರಿಸಿದರು. ಕೊನೆಯ ಕಂತು ಕಟ್ಟಿದ ದಿನ ರಶೀದಿಯನ್ನು ಮಡಚಿ ಕಿಸೆಗೆ ಹಾಕುತ್ತಾ, “ಇನ್ನು ಗಾಳಿ ಬಂದರೆ ಮೊದಲೇ ಹೇಳಿ ಆಯ್ತಾ ಮಾಷ್ಟ್ರೆ” ಎಂದು ನಕ್ಕರು. ಅವರು ಈಗ ಇಲ್ಲ. ಅವರ ಮಗ ಕಡಲಿಗೆ ಹೋಗುತ್ತಾನೆ, ಅವನ ದೋಣಿಗೂ ನಮ್ಮದೇ ಸಂಘದ ಸಾಲ. ಅಪ್ಪನಿಗೆ ಹೇಳಲಾಗದ್ದನ್ನು ಮಗನಿಗಾದರೂ ಹೊತ್ತಿಗೆ ಸರಿಯಾಗಿ ಹೇಳುವಂತಾಗಬೇಕು. ಮೇಲಿನಿಂದ ತಂತಿ ಕಡಿದರೂ ಹನ್ನೊಂದನೆಯ ಗುರುತು ಏರಿಸುವವರು ಊರಿನಲ್ಲಿರಬೇಕು.

ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ, ಆಗಿನ ಸಂಚಿಕೆಯಲ್ಲಿ ಆ ನಾಲ್ಕು ಕಾಲಂಗಳ ಪುಸ್ತಕದ ಇಪ್ಪತ್ತೈದು ವರ್ಷಗಳ ಲೆಕ್ಕ ಅಚ್ಚಾಗಲಿ ಎಂದು ಹಾರೈಸಿ ಮುಗಿಸುತ್ತೇನೆ.